ಸೇತುವೆಯ ಮೇಲಿನ ಗ್ರೂಪ್ ಫೋಟೊ

ಒದ್ದೆ ಗೋಣಿಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಅರ್ಧ ಮಣ್ಣು, ಅರ್ಧ ಹಳೇ ಅಕ್ಕಿಮೂಟೆ. ಅದಕ್ಕೆ ಸಿಮೆಂಟಿನ ನೀರು ಸೇರಿದರೆ ಗಂಟಲಿನ ಹಿಂದೆ ಸುಣ್ಣದ ಒಂದು ಘಾಟು. ನಾವಿರುವ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಹೊಸ ವಿಲ್ಲಾ ಏಳುತ್ತಿದೆ. ಮೊನ್ನೆ ಅದರ ತಾರಸಿಗೆ ಕಾಂಕ್ರೀಟು ಹಾಕಿದರು. ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಆ ವಾಸನೆ ಕೇಳದೆ ಮಾಡದೆ ಒಳಗೆ ಬಂತು. ಹೊಸ ಕಾಂಕ್ರೀಟು ಬಿಸಿಲಿಗೆ ಬಿರಿಯದ ಹಾಗೆ ಮೇಲೆ ಗೋಣಿ ಹಾಸಿ ನೀರು ಬಿಡುತ್ತಿದ್ದರು. ನಾನು ನೋಡುತ್ತಾ ನಿಂತೆ, ಕೈಯಲ್ಲಿದ್ದ ಚಹಾ ಆರಿಹೋಯಿತು...

ಅದೇ ದಿನ ಮಧ್ಯಾಹ್ನ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ ಫೋನು ಮಾಡಿದರು. ಬೆಂಗಳೂರಿನ ಕಡೆಯವರು, ಐಟಿಯಲ್ಲಿದ್ದಾರೆ, ಮಾತು ಬಹಳ ಮೃದು. ನಮ್ಮ ಹಳೆಯ ಸಾಹೇಬರು ತೀರಿಕೊಂಡ ಸುದ್ದಿ ಹೇಳಿದರು. ಮೈಸೂರಿನ ತಮ್ಮ ಮನೆಯಲ್ಲಿ, ತುಂಬು ವಯಸ್ಸಿನಲ್ಲಿ, ಮಲಗಿದಲ್ಲೇ, ಒಂದು ನರಳಿಕೆಯೂ ಇಲ್ಲದೆ ಹೋದರಂತೆ. ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರಾದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಅವರ ನೆನಪಿಗೆ ಕೆಲವು ಪುಟ ಇಡುತ್ತಾರಂತೆ. "ನೀವು ಅವರ ಕೈಕೆಳಗೆ ಕೆಲಸ ಮಾಡಿದ್ರಂತಲ್ಲ ಸಾರ್, ನಾಲ್ಕು ಒಳ್ಳೆ ಮಾತು ಬರ್ಕೊಡಿ" ಎಂದರು.

ನಾಲ್ಕು ಒಳ್ಳೆಯ ಮಾತು! ನಾನು ಒಂದಕ್ಕೇ ತಡಕಾಡಿದೆ. ಅಷ್ಟರಲ್ಲಿ ಫೋನಿಗೆ ಒಂದು ಫೋಟೊ ಬಂದು ಬಿತ್ತು. ಸಾಹೇಬರ ಮಗಳು ಕಳಿಸಿದ್ದು, ಅವರ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿ ತೂಗಹಾಕಿದ್ದಂತೆ. ಕಾಲುವೆಯ ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಸೇತುವೆ. ಅದರ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಕೆಲಸಗಾರರು, ಎಲ್ಲರ ಬಾಯಲ್ಲೂ ಹಲ್ಲು. ಎಡತುದಿಯಲ್ಲಿ, ಸೇತುವೆ ಶುರುವಾಗುವುದಕ್ಕೆ ಮೊದಲಿನ ನೆಲದ ಮೇಲೆ, ಬಿಳಿ ಹೆಲ್ಮೆಟ್ಟಿನ ಸಾಹೇಬರು. ಕೆಳಗೆ ಕಾರ್ಯದರ್ಶಿ ಬರೆದಿದ್ದರು: "ಎಂಥ ವಿನಯ ನೋಡಿ ಸಾರ್. ಮಧ್ಯದ ಜಾಗ ಕೆಲಸಗಾರರಿಗೆ ಬಿಟ್ಟು ತಾವು ಬದಿಗೆ ನಿಂತಿದ್ದಾರೆ."

ವಿನಯವಂತೆ! ನಗಬೇಕೋ, ಫೋನನ್ನು ಗೋಡೆಗೆ ಎಸೆಯಬೇಕೋ ತಿಳಿಯಲಿಲ್ಲ. ಬರೆದುಕೊಡುತ್ತೇನೆ ಎಂದು ಉತ್ತರ ಕಳಿಸಿದೆ. ಬರೆಯುತ್ತಿದ್ದೇನೆ. ಅವರು ಅಚ್ಚು ಹಾಕುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಸಾಹೇಬರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಗೌರವದಿಂದ ಎಂದು ಯಾರೂ ತಪ್ಪು ತಿಳಿಯಬೇಡಿ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ಅಬುಧಾಬಿಯ ಕಡೆಯ ನಮ್ಮ ಸೈಟಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಕಾರಿನ ಬಾಗಿಲು ತೆರೆದರೆ ಅವರಿಗಿಂತ ಮೊದಲು ಅವರ ಅತ್ತರು ಇಳಿಯುತ್ತಿತ್ತು. ಆ ಧೂಳಿನಲ್ಲಿ ಸಂಜೆಯವರೆಗೂ ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಇರುತ್ತಿದ್ದ ಮನುಷ್ಯ ಅವರೊಬ್ಬರೇ. ಏಕೆಂದರೆ ಏಸಿ ಕ್ಯಾಬಿನ್ನಿನಿಂದ ಕಾರಿಗೆ, ಕಾರಿನಿಂದ ಕ್ಯಾಬಿನ್ನಿಗೆ, ಅಷ್ಟೇ ಅವರ ಸೈಟು. ನಮ್ಮ ಕೆಲಸ ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಕನ್ಸಲ್ಟೆಂಟ್ ಕಂಪನಿಯ ಎಂಜಿನಿಯರು ಏನು ಕೇಳಿದರೂ "ನೋ ಪ್ರಾಬ್ಲಮ್ ಸರ್". ಅದನ್ನು ಮಾಡಲು ಆಗುವುದಿಲ್ಲ ಎಂದು ನಾವು ಹೋಗಿ ಹೇಳಿದರೆ "ಖಲಾಸ್, ನಾನು ಮಾತು ಕೊಟ್ಟಾಯ್ತು".

ಅವರ ಕನ್ನಡ ಪ್ರೇಮದ ಬಗ್ಗೆ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಾರೆ, ಅದು ಖಂಡಿತ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದ್ದು ನಿಂತರೆ ತಾಯಿನುಡಿ ಎನ್ನುವಾಗಲೇ ಕಣ್ಣಲ್ಲಿ ನೀರು ಬರುತ್ತಿತ್ತು ಅವರಿಗೆ, ನಲ್ಲಿ ತಿರುಗಿಸಿದ ಹಾಗೆ. "ನನ್ನ ಸೈಟಿನ ಹುಡುಗರೇ ನನ್ನ ಕುಟುಂಬ" ಎನ್ನುತ್ತಿದ್ದರು. ಮರುದಿನ ಅದೇ ಕುಟುಂಬದ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲಿ, ಬೈಗುಳ ಹಿಂದಿಯಲ್ಲಿ. ಅವರು ನನ್ನ ಹತ್ತಿರ ಕನ್ನಡ ತೆಗೆದರೆ ನಾನು ಹುಷಾರಾಗುತ್ತಿದ್ದೆ. ಏನೋ ಆಗಬಾರದ ಕೆಲಸ ಆಗಬೇಕಾಗಿದೆ ಎಂದೇ ಲೆಕ್ಕ.

ನಾನು ಡಿಪ್ಲೊಮಾ ಮುಗಿಸಿ ದಕ್ಷಿಣ ಕನ್ನಡದಿಂದ ಬಂದವನು. ಸೆಂಟ್ರಿಂಗು, ಅಟ್ಟಣಿಗೆ, ತಾತ್ಕಾಲಿಕ ಸೇತುವೆ, ಹೀಗೆ ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವಂಥದ್ದೆಲ್ಲ ಅಲ್ಲಿಯವರೆಗೆ ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನನ್ನನ್ನು ಅಲ್ಲಿಗೆ ಕರೆಸಿಕೊಂಡವರು ನನ್ನ ಭಾವ, ಅಕ್ಕನ ಗಂಡ. ಅವರು ಅದೇ ಸೈಟಿನಲ್ಲಿ ಕಾಂಕ್ರೀಟ್ ಗ್ಯಾಂಗಿನ ಫೋರ್‌ಮನ್. ಸೈಟಿಗೆ ಹತ್ತಿರದ ಬನಿಯಾಸ್‌ನಲ್ಲಿ ನಮ್ಮಿಬ್ಬರದು ಒಂದೇ ರೂಮು. ಅಕ್ಕ ಬಂಟ್ವಾಳದ ಹತ್ತಿರ ಊರಿನಲ್ಲಿ, ಒಂದು ಮಗುವಿನ ಜೊತೆ.

ಭಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ವಾಲಿಬಾಲಿನ ಹುಚ್ಚರು. ಶುಕ್ರವಾರ ರಜೆ. ಮಧ್ಯಾಹ್ನ ಮೀನುಸಾರು, ಒಂದು ನಿದ್ದೆ, ಬಿಸಿಲು ಇಳಿದ ಕೂಡಲೇ ಕ್ಯಾಂಪಿನ ಹಿಂದಿನ ಮರಳಿನಲ್ಲಿ ನೆಟ್ಟು. ನಲವತ್ತು ಹತ್ತಿರ ಬಂದ ಮನುಷ್ಯ ಹಾರಿದರೆ ಅರ್ಧ ಮೈ ನೆಟ್ಟಿನ ಮೇಲೆ ಕಾಣುತ್ತಿತ್ತು. ಪಠಾಣರೂ ಮಲಯಾಳಿಗಳೂ ಅವರನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಜಗಳ ಆಡುತ್ತಿದ್ದರು. ಆಟಕ್ಕೆಂದೇ ಬಿಳಿ ಕ್ಯಾನ್ವಾಸ್ ಬೂಟು ಒಂದು ಜೊತೆ ತಂದಿದ್ದರು, ವಾರದ ನಡುವೆ ಸಂಜೆ ಆಟ ಸಿಕ್ಕಿದರೆ ಎಂದು ಸೈಟಿನ ಶೆಡ್ಡಿಗೂ ಒಯ್ಯುತ್ತಿದ್ದರು. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸುವುದು ನೋಡಿ ನಾನು "ಎಂತ ಭಾವ, ಮದುಮಗನ ಬೂಟಾ?" ಎಂದು ಗೇಲಿ ಮಾಡುತ್ತಿದ್ದೆ.

ಇನ್ನು ಕೆಲಸಕ್ಕೆ ಬರೋಣ. ಸಮುದ್ರದ ನೀರು ಬಂದುಹೋಗುವ ಒಂದು ಕಾಲುವೆಯ ಆಚೆ ಬದಿಯಲ್ಲಿ ಕಟ್ಟಡದ ಅಡಿಪಾಯ ಹಾಕಬೇಕಿತ್ತು. ಕಾಂಕ್ರೀಟಿನ ಲಾರಿ ಆಚೆ ಹೋಗಬೇಕಾದರೆ ದೊಡ್ಡ ಸುತ್ತು, ಅದೂ ಅರ್ಧ ಮರಳು ದಾರಿ. ಈಚೆಯಿಂದ ಆಚೆಗೆ ಜನ ನಡೆದು ಹೋಗಲಿಕ್ಕೆ ಒಂದು ಕಬ್ಬಿಣದ ಸೇತುವೆ ಮಾತ್ರ ಇತ್ತು, ದುಬೈಯ ರಾಸ್ ಅಲ್ ಖೋರ್‌ನ ಯಾವುದೋ ವರ್ಕ್‌ಶಾಪಿನಲ್ಲಿ ಬೆಸೆದು ತಂದದ್ದು. ಸಾಹೇಬರಿಗೆ ಉಪಾಯ ಹೊಳೆಯಿತು. ಪಂಪನ್ನು ಈಚೆ ದಡದಲ್ಲಿ ನಿಲ್ಲಿಸಿ, ಸೇತುವೆಯ ಮೇಲೆ ಪೈಪು ಹಾಸಿ, ಕಾಂಕ್ರೀಟನ್ನು ಪೈಪಿನೊಳಗೇ ಆಚೆಗೆ ತಳ್ಳುವುದು. ಉಪಾಯ ಕೆಟ್ಟದ್ದಲ್ಲ. ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ಮಾಡುವ ರೀತಿ ಗೊತ್ತಿರಬೇಕು ಅಷ್ಟೆ.

ಕಾಂಕ್ರೀಟು ತುಂಬಿದ ಪೈಪಿಗೆ ಒಂದು ತೂಕ ಇರುತ್ತದೆ, ಅದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಪಂಪು ಕಾಂಕ್ರೀಟನ್ನು ನೀರಿನ ಹಾಗೆ ಒಂದೇ ಸಮನೆ ಹರಿಸುವುದಿಲ್ಲ. ಒಂದು ಗುದ್ದು, ಸ್ವಲ್ಪ ಬಿಡುವು, ಮತ್ತೆ ಒಂದು ಗುದ್ದು. ಪ್ರತಿ ಗುದ್ದಿಗೂ ಪೈಪು ಮುಂದಕ್ಕೆ ಹಾರುತ್ತದೆ. ಪೈಪು ಎಲ್ಲಿ ತಿರುಗುತ್ತದೋ ಅಲ್ಲಿ ಆ ಬಲವೆಲ್ಲ ನೂಕುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಿಲ್ಲುವುದು ಬೇರೆ. ಹಾಗೆ ನಿಂತವನ ಬೆನ್ನಿಗೆ ಯಾರೋ ಬಿಡದೆ ಗುದ್ದುತ್ತಾ ಇರುವುದು ಬೇರೆ. ಅದಕ್ಕೇ ತಿರುವಿನಲ್ಲಿ ನೆಲಕ್ಕೆ ಹೂತ ದೊಡ್ಡ ಕಾಂಕ್ರೀಟಿನ ಬ್ಲಾಕು ಮಾಡಿ, ಪೈಪನ್ನು ಅದಕ್ಕೆ ಬಿಗಿಯಬೇಕು. ಸೇತುವೆಗೆ ಕಟ್ಟಬಾರದು.

ಅದರಲ್ಲೂ ಆ ಸೇತುವೆಗೆ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ಅದರ ಈಚೆ ತುದಿಯನ್ನು ಬೋಲ್ಟು ಹಾಕದೆ, ದಡದ ಕಾಂಕ್ರೀಟಿನ ಅಂಚಿನ ಮೇಲೆ ಸುಮ್ಮನೆ ಕೂರಿಸಿದ್ದರು. ಆಚೆ ತುದಿಗೆ ಮಾತ್ರ ಬೋಲ್ಟು, ಅದೂ ಜನ ನಡೆದು ಹೋಗುವುದಕ್ಕೆ ಸಾಕಾಗುವಷ್ಟು. ಗುದ್ದಿನ ಮೇಲೆ ಗುದ್ದು ಬಿದ್ದು ಆ ಬೋಲ್ಟು ತುಂಡಾದರೆ ಇಡೀ ಸೇತುವೆ ಮುಂದಕ್ಕೆ ಜಾರುತ್ತದೆ, ಈಚೆ ತುದಿ ಅಂಚು ಬಿಟ್ಟು ನೀರಿಗೆ ಬೀಳುತ್ತದೆ. ಇದನ್ನು ನಾನು ಸಾಹೇಬರಿಗೆ ಚಿತ್ರ ಬರೆದು ತೋರಿಸಿದೆ. ಆಚೆ ಬದಿಯ ತಿರುವಿಗೆ ಬ್ಲಾಕು ಬೇಕು, ಅದು ಗಟ್ಟಿಯಾಗಲು ಕೆಲವು ದಿನ ಬೇಕು, ಸೇತುವೆಗೆ ಮರಳುಚೀಲ ಹೇರಿ ತೂಕದ ಪರೀಕ್ಷೆಯೂ ಆಗಬೇಕು ಎಂದೆ. ಪಂಪು ನಡೆಯುವಾಗ ಸೇತುವೆಯ ಮೇಲೆ ಯಾರಿರುತ್ತಾರೆ ಎಂದು ನನಗೆ ಗೊತ್ತಿತ್ತು. ಮೇ ತಿಂಗಳ ಬಿಸಿಲಿಗೆ ಪೈಪು ಕಾದರೆ ಒಳಗಿನ ಕಾಂಕ್ರೀಟು ಅಲ್ಲೇ ಕಟ್ಟಿಬಿಡುತ್ತದೆ. ಆದ್ದರಿಂದ ಪೈಪಿಗೆ ಉದ್ದಕ್ಕೂ ಗೋಣಿ ಹೊದಿಸಿ, ಒಬ್ಬ ಮನುಷ್ಯ ಅದಕ್ಕೆ ನೀರು ಬಿಡುತ್ತಾ ಸೇತುವೆಯ ಮೇಲೆ ಓಡಾಡುತ್ತಲೇ ಇರಬೇಕು. ಆ ಕೆಲಸವನ್ನು ಭಾವ ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಸಾಹೇಬರು ನನ್ನ ಚಿತ್ರವನ್ನು ಚಹಾದ ಕಪ್ಪಿನ ಕೆಳಗೆ ಇಟ್ಟುಕೊಂಡರು. ಆಮೇಲೆ ಕನ್ನಡ ತೆಗೆದರು. "ಏನ್ರೀ, ಎಷ್ಟು ಹೆದರ್ತೀರಿ! ಕನ್ಸಲ್ಟೆಂಟ್‌ಗೆ ಗುರುವಾರ ಅಂತ ಹೇಳಿದೀನಿ ಕಣ್ರೀ. ಬ್ಲಾಕು ಗೀಕು ಅಂತ ಕೂತ್ರೆ ನನ್ನ ಮರ್ಯಾದೆ ಏನಾಗ್ಬೇಕು? ತಂತಿಹಗ್ಗ ಹಾಕಿ ಸೇತುವೆಗೇ ಕಟ್ಟಿಸಿ. ನಿಮ್ಮ ತೂಕದ ಪರೀಕ್ಷೆ ನಾನು ಮಾಡಿಸ್ತೀನಿ ಬಿಡಿ."

ಮಂಗಳವಾರ ಮಧ್ಯಾಹ್ನ ಊಟದ ಹೊತ್ತು. ಸಾಹೇಬರು ಯಾವತ್ತೂ ಇಲ್ಲದೆ ಕಾರು ಬಿಟ್ಟು ಕಾಲುವೆಯವರೆಗೆ ನಡೆದು ಬಂದರು, ಜೊತೆಗೆ ಕ್ಯಾಮೆರಾ ಹಿಡಿದ ಆಫೀಸಿನ ಒಬ್ಬ ಗುಮಾಸ್ತ. ಸಾಹೇಬರು ಕೈ ತಟ್ಟಿ ಕೂಗಿದರು: "ಯಲ್ಲಾ ಭಾಯ್, ಗ್ರೂಪ್ ಫೋಟೊ! ಸಬ್ ಲೋಗ್ ಬ್ರಿಜ್ ಪರ್!" ಎಲ್ಲರಿಗೂ ಒಂದೊಂದು ಕಾಪಿ ಪುಕ್ಕಟೆ, ಊರಿಗೆ ಕಳಿಸಿ ಎಂದರು.

ಅಯ್ಯೋ, ಆ ಸಂಭ್ರಮವನ್ನು ಏನು ಹೇಳಲಿ! ಆ ಕಾಲದಲ್ಲಿ ಕ್ಯಾಂಪಿನ ಜನಕ್ಕೆ ಒಂದು ಫೋಟೊ ಎಂದರೆ ಸಣ್ಣ ಸಂಗತಿಯಲ್ಲ. ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದರು. ಕೈಕಾಲು ತೊಳೆದರು, ಒಂದೇ ಬಾಚಣಿಗೆ ಕೈಯಿಂದ ಕೈಗೆ ಹೋಯಿತು. ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಹಾಕಿಕೊಂಡವರೂ ಇದ್ದರು, ಕಲೆ ಕಾಣಬಾರದೆಂದು. ಭಾವ "ಒಂದ್ನಿಮಿಷ ನಿಲ್ಲಿ ಮಾರಾಯ್ರೆ" ಎಂದು ಶೆಡ್ಡಿಗೆ ಓಡಿದರು, ಎಲ್ಲರೂ ಕೂಗಿ ಕರೆದ ಮೇಲೆ ಓಡುತ್ತಾ ಬಂದರು. ಸಾಹೇಬರು ನನ್ನನ್ನೂ ಬಿಡಲಿಲ್ಲ. "ನೀವೂ ಹೋಗ್ರಿ, ಮಧ್ಯ ನಿಲ್ಲಿ, ಹತ್ತಿರ ಹತ್ತಿರ" ಎಂದರು. ನಾನು ಹೋಗಿ ಮಧ್ಯ ನಿಂತೆ. ಭಾವ ನನ್ನ ಹೆಗಲ ಮೇಲೆ ಕೈ ಹಾಕಿದರು. ಗುಮಾಸ್ತ ದೂರದಿಂದ ಇನ್ನೂ ಒತ್ತಿಕೊಳ್ಳಿ ಎಂದು ಕೈಸನ್ನೆ ಮಾಡಿದ, ಒತ್ತಿಕೊಂಡೆವು. ಕ್ಲಿಕ್ಕಾದ ಮೇಲೂ ಬಹಳ ಹೊತ್ತು ಹಾಗೇ ನಿಲ್ಲಿಸಿದರು. ಸಾಹೇಬರು ಬಗ್ಗಿ ಸೇತುವೆಯ ಹೊಟ್ಟೆ ನೋಡುತ್ತಿದ್ದರು. ಆಗಲೂ ನನಗೆ ಹೊಳೆಯಲಿಲ್ಲ.

ಕೆಳಗಿಳಿದು ಬಂದಾಗ ನನ್ನ ಬೆನ್ನು ತಟ್ಟಿದರು. "ಆಯ್ತಲ್ಲ ನಿಮ್ಮ ತೂಕದ ಪರೀಕ್ಷೆ? ಒಂದಿಂಚು ಬಗ್ಗಲಿಲ್ಲ. ಮರಳುಚೀಲ ತುಂಬೋಕೆ ಎರಡು ದಿನ, ಹೊರೋಕೆ ಒಂದು ದಿನ. ಇವ್ರಾದ್ರೆ ತಾವೇ ನಡ್ಕೊಂಡು ಬರ್ತಾರೆ, ತಾವೇ ಇಳ್ಕೊಂಡು ಹೋಗ್ತಾರೆ. ಖಲಾಸ್!" ಎಂದು ಹೊಟ್ಟೆ ಕುಣಿಸಿ ನಕ್ಕರು.

ಥೂ! ಇಷ್ಟು ವರ್ಷ ಆದರೂ ಆ ನಗು ನೆನಪಾದರೆ ಬಾಯಲ್ಲಿ ಕಹಿ. ಸೇತುವೆ ಮುರಿದಿದ್ದರೆ? ಅದನ್ನೇ ಕೇಳಿದೆ. "ಮುರೀಲಿಲ್ವಲ್ಲ" ಎಂದರು. ತೂಕಕ್ಕೆ ನಿಂತದ್ದು ಗುದ್ದಿಗೆ ನಿಲ್ಲುತ್ತದೆ ಎಂದು ಯಾರು ಹೇಳಿದ್ದು ಎಂದೂ ಕೇಳಿದೆ. ಆಗ ಅವರು ಇಂಗ್ಲಿಷಿಗೆ ಹೋದರು. ಇನ್ನು ಮಾತಿಲ್ಲ ಎಂದು ಅರ್ಥ. ನಾನು ಕನ್ಸಲ್ಟೆಂಟಿನ ಎಂಜಿನಿಯರ ಹತ್ತಿರವೂ ಹೋದೆ. ಆತ ಸಾಹೇಬರನ್ನು ಕರೆಸಿ ಕೇಳಿದ, ಸಾಹೇಬರು "ಲೋಡ್ ಟೆಸ್ಟ್ ಡನ್ ಸರ್, ನೋ ಪ್ರಾಬ್ಲಮ್" ಎಂದರು. ಹೇಗೆ ಮಾಡಿದಿರಿ ಎಂದು ಆ ಪುಣ್ಯಾತ್ಮ ಕೇಳಲಿಲ್ಲ, ಹೇಳಹೊರಟ ನನ್ನ ಕಡೆ ತಿರುಗಲಿಲ್ಲ.

ಗುರುವಾರ ಬೆಳಿಗ್ಗೆ ಪಂಪು ಶುರುವಾಯಿತು. ಹಿಂದಿನ ರಾತ್ರಿ ರೂಮಿನಲ್ಲಿ ನಾನು ಭಾವನಿಗೆ ಬೇಡ ಎಂದು ಹೇಳಿದ್ದೆ. ನೀರು ಬಿಡಲು ಯಾರೂ ಹೋಗದಿದ್ದರೆ ಪೈಪು ಕಟ್ಟುತ್ತದೆ, ತಾನು ಹೋಗದಿದ್ದರೆ ಗ್ಯಾಂಗಿನ ಬೇರೆ ಯಾರನ್ನಾದರೂ ಕಳಿಸಬೇಕು, ಅದು ಹೇಗೆ ಎಂದರು. ಸೇತುವೆಯ ಆಚೆ ತುದಿಯ ಬೋಲ್ಟುಗಳ ಮುಂದೆ ನಾನೇ ಕುಳಿತುಕೊಳ್ಳುತ್ತೇನೆ, ಒಂದು ಕೂದಲೆಳೆ ಅಲ್ಲಾಡಿದರೂ ಕೈ ಬೀಸುತ್ತೇನೆ, ಆಗ ಎಲ್ಲ ಬಿಟ್ಟು ನನ್ನ ಕಡೆಗೆ ಓಡಿ ಬರಬೇಕು ಎಂದು ಮಾತಾಯಿತು.

ಹಾಗೆ ಕುಳಿತೆ. ಮೊದಮೊದಲು ಎಲ್ಲ ಸರಿಯಿತ್ತು. ಈಚೆಯಿಂದ ಗುದ್ದು, ಪೈಪಿನ ಉದ್ದಕ್ಕೂ ಒಂದು ನಡುಕ, ಆಚೆ ಬದಿಯ ಅಡಿಪಾಯಕ್ಕೆ ಕಾಂಕ್ರೀಟು ಬೀಳುವ ಸದ್ದು. ಭಾವ ರಬ್ಬರು ಪೈಪು ಹಿಡಿದು ಗೋಣಿಗೆ ನೀರು ಬಿಡುತ್ತಾ ಹೋಗುತ್ತಿದ್ದರು, ಬರುತ್ತಿದ್ದರು. ಗೋಣಿಯಿಂದ ಹಬೆ ಏಳುತ್ತಿತ್ತು. ಆ ವಾಸನೆ... ಆಮೇಲೆ ಬೋಲ್ಟಿನ ಸುತ್ತ ಬಳಿದಿದ್ದ ಬಣ್ಣದಲ್ಲಿ ಒಂದು ಬಿರುಕು ಕಂಡೆ. ಮುಂದಿನ ಗುದ್ದಿಗೆ ಅದು ಬಾಯಿ ತೆರೆಯಿತು.

ವಾಕಿಟಾಕಿಯಲ್ಲಿ ಪಂಪು ನಿಲ್ಲಿಸಿ ಎಂದು ಕಿರುಚಿದೆ. ಈಚೆ ದಡದಲ್ಲಿ ಪಂಪಿನ ಪಕ್ಕ ಛತ್ರಿಯ ಕೆಳಗೆ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅವರ ದನಿ ಬಂತು, ಕನ್ನಡದಲ್ಲಿ: "ಇನ್ನು ಎರಡೇ ಲಾರಿ ಕಣ್ರೀ, ಸ್ವಲ್ಪ ಸುಮ್ನಿರ್ರೀ." ಅಷ್ಟು ಹೇಳಿ ವಾಕಿಟಾಕಿಯನ್ನು ಮಡಿಲಲ್ಲಿಟ್ಟರು. ನಾನು ಎರಡೂ ಕೈ ಬೀಸಿ "ಭಾವಾ, ಬನ್ನಿ! ಬನ್ನಿ ನನ್ನ ಕಡೆಗೆ!" ಎಂದು ಕೂಗಿದೆ.

ಭಾವ ನೋಡಿದರು. ಅರ್ಥವೂ ಆಯಿತು. ಕೈಯೆತ್ತಿ ಒಂದು ನಿಮಿಷ ಎಂದು ಸನ್ನೆ ಮಾಡಿ ಆ ಕಡೆ ತಿರುಗಿದರು, ಪಂಪಿನ ದಡದ ಕಡೆಗೆ. ನೀರಿನ ನಲ್ಲಿ ಅಲ್ಲಿತ್ತು. ಸೈಟಿಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಸುಮ್ಮನೆ ಹರಿದು ಹೋಗುವುದನ್ನು ಅವರು ಯಾವತ್ತೂ ಸಹಿಸಿದವರಲ್ಲ. ನಲ್ಲಿ ಬಂದ್ ಮಾಡಿ ಬರುತ್ತೇನೆ ಎಂದು ಹೋದದ್ದು ಅದು... ನನ್ನ ಮುಂದೆ ಬೋಲ್ಟುಗಳು ಪಟಪಟನೆ ಹಾರಿದವು. ಸೇತುವೆ ನನ್ನ ಕಡೆಗೆ ಜಾರಿ ಬಂತು. ಪಂಪಿನ ಕಡೆಯ ತುದಿ ಅಂಚು ಬಿಟ್ಟು ಕೆಳಗೆ ಕುಸಿಯಿತು. ಭಾವ ಆ ತುದಿಯಲ್ಲೇ ಇದ್ದರು.

ನೀರು ಆಳ ಇರಲಿಲ್ಲ. ಮುಳುಗಲಿಲ್ಲ. ಆದರೆ ಕಾಂಕ್ರೀಟು ತುಂಬಿದ ಪೈಪು ಕಾಲಿನ ಮೇಲೆ ಬಿದ್ದಿತ್ತು. ಗ್ಯಾಂಗಿನ ಜನ ನೀರಿಗೆ ಹಾರಿ ಅದನ್ನು ಎತ್ತುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನಿಂದ ತೆಗೆದರು.

ಮೂರನೆಯ ದಿನ ಸಾಹೇಬರು ಹಣ್ಣಿನ ಬುಟ್ಟಿ ಹಿಡಿದು ಬಂದರು, ಅದೇ ಅತ್ತರು. ಹಾಸಿಗೆಯ ಪಕ್ಕ ನಿಂತು "ದೇವರು ದೊಡ್ಡವನು, ಜೀವ ಉಳೀತಲ್ಲ" ಎಂದರು. ಭಾವ ಮಲಗಿದಲ್ಲಿಂದಲೇ ಅವರಿಗೆ ಕೈ ಮುಗಿದರು. ನಾನು ಸಾಹೇಬರ ಹಿಂದೆಯೇ ಹೋದೆ. ಹೊರಗೆ ಕಾರಿಡಾರಿನಲ್ಲಿ ಅಡ್ಡಹಾಕಿ "ಸಾರ್, ಮಂಗಳವಾರ ಒಂದಿಂಚೂ ಬಗ್ಗಲಿಲ್ಲ ಅಲ್ವಾ?" ಎಂದು ಕೇಳಿದೆ. ಅತ್ತಿತ್ತ ನೋಡಿದರು. "ಟೈಮ್ ಸರಿ ಇರ್ಲಿಲ್ಲ ಕಣ್ರೀ" ಎಂದರು. ಆಮೇಲೆ ದನಿ ತಗ್ಗಿಸಿ, ನಿಮ್ಮ ಭಾವ ಕರೆದ ಕೂಡಲೇ ಬರಬೇಕಿತ್ತು, ನಲ್ಲಿ ಮುಚ್ಚಲಿಕ್ಕೆ ಯಾರು ಹೇಳಿದ್ದು ಎಂದರು. ನಾನು ಅವರ ಅಂಗಿಯ ಕಾಲರಿಗೆ ಕೈ ಹಾಕಿದೆ. ವಾರ್ಡಿನ ನರ್ಸು, ನಮ್ಮ ಮಂಗಳೂರಿನವರೇ, ಬಂದು ಬಿಡಿಸಿದರು. ಇಸ್ತ್ರಿ ಮುರಿದದ್ದನ್ನು ನೋಡಿದ ಸಮಾಧಾನ ಒಂದೇ ನನಗೆ ಸಿಕ್ಕಿದ್ದು.

ಎಲ್ಲ ಕಡೆ ಅವರು ಹೇಳಿದ್ದು ಒಂದೇ: ಕೆಲಸಗಾರನ ಅಜಾಗರೂಕತೆ. ಭಾವನನ್ನು ಊರಿಗೆ ಕಳಿಸಿದರು. ಸಾಹೇಬರು ದುಬೈ ಆಫೀಸಿಗೆ ಇನ್ನೂ ದೊಡ್ಡ ಹುದ್ದೆಗೆ ಹೋದರು. ನಾನು ಕಂಪನಿ ಬಿಟ್ಟೆ. ಮತ್ತೆ ಅವರನ್ನು ಕಂಡದ್ದು ಸಂಘದ ಸಭೆಗಳಲ್ಲಿ, ದೂರದಿಂದ, ಶಾಲಿನೊಳಗೆ. ಹುಡುಗರೇ ನನ್ನ ಕುಟುಂಬ ಎನ್ನುವ ಮಾತಿಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ಅವರು ಮಾತು ಉಳಿಸಿಕೊಂಡರು. ಫೋಟೊದ ಕಾಪಿ ಎಲ್ಲರಿಗೂ ಕೊಡಿಸಿದರು. ಭಾವನದು ಊರಿಗೆ ಹೋಯಿತು. ಮುಂದಿನ ರಜೆಯಲ್ಲಿ ನಾನು ಹೋದ ಹೊತ್ತಿಗೆ ಅಕ್ಕ ಅದಕ್ಕೆ ಕಟ್ಟು ಹಾಕಿಸಿ ಒಳಗಿನ ಗೋಡೆಯಲ್ಲಿ ತೂಗಹಾಕಿದ್ದಳು. ಅದನ್ನು ಕಂಡು ನನ್ನ ತಲೆ ಕೆಟ್ಟುಹೋಯಿತು. ಜಗಲಿಯಲ್ಲಿ ಕುಳಿತು ಭಾವನಿಗೂ ಅಕ್ಕನಿಗೂ ಎಲ್ಲ ಹೇಳಿದೆ. ಅದು ಫೋಟೊ ಅಲ್ಲ, ಮರಳುಚೀಲದ ಬದಲು ನಮ್ಮನ್ನು ಹೇರಿದ್ದು ಎಂದೆ. ಭಾವ ಊರುಗೋಲನ್ನು ಬದಿಗಿಟ್ಟು ಬಿದ್ದು ಬಿದ್ದು ನಕ್ಕರು. "ಅಂದ್ರೆ ನಾನೂ ನೀನೂ ಮರಳಿನ ಚೀಲವಾ ಮಾರಾಯ? ಇರ್ಲಿ ಬಿಡು, ಫೋಟೊ ಚೆಂದ ಬಂದದೆ" ಎಂದರು. ಅಕ್ಕ ಎದ್ದು ಒಳಗೆ ಹೋದಳು.

ನನಗೆ ಭಾವನ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆಯಲ್ಲಿ ಕೈ ಮುಗಿದದ್ದು ಸಾಲದೇ, ಆ ಮನುಷ್ಯನನ್ನು ಗೋಡೆಗೂ ಏರಿಸಬೇಕೇ? ಪ್ರತಿ ಸಲ ಊರಿಗೆ ಹೋದಾಗಲೂ ಅದನ್ನು ತೆಗೆದು ಬಾವಿಗೆ ಹಾಕಿ ಎಂದು ಹೇಳಿದ್ದೇನೆ. ಪ್ರತಿ ಸಲವೂ ಅದು ಅಲ್ಲೇ ಇತ್ತು, ಗಾಜಿನ ಮೇಲೆ ಧೂಳಿನ ಒಂದು ಕಣವೂ ಇಲ್ಲದೆ. ಭಾವ ಅದರ ಕೆಳಗಿನ ಕುರ್ಚಿಯಲ್ಲಿ ಕುಳಿತು ಟಿವಿಯಲ್ಲಿ ವಾಲಿಬಾಲು ನೋಡುತ್ತಿದ್ದರು. ಚೆಂಡು ಮೇಲೆ ಬಂದಾಗ ಇದ್ದ ಒಂದು ಕಾಲು ತಾನಾಗಿ ನೆಲಕ್ಕೆ ಒತ್ತುತ್ತಿತ್ತು... ಕಳೆದ ಮಳೆಗಾಲದಲ್ಲಿ ಭಾವ ಹೋದರು. ಸಕ್ಕರೆ ಕಾಯಿಲೆ. ಉಳಿದ ಕಾಲಿಗೂ ಗಾಯವಾಗಿ ಬಹಳ ನರಳಿದರು.

ಕಾರ್ಯದರ್ಶಿಯ ಫೋನು ಬಂದ ಸಂಜೆ ನಾನು ಅಕ್ಕನಿಗೆ ಫೋನು ಮಾಡಿದೆ. ಸಾಹೇಬರು ಸತ್ತರು ಎಂದೆ. "ಹೌದಾ" ಎಂದಳು, ಅಷ್ಟೇ. ಆ ಫೋಟೊವನ್ನು ಈಗ ಪುಸ್ತಕದಲ್ಲಿ ಹಾಕುತ್ತಾರಂತೆ, ವಿನಯ ಎಂದು ಹೊಗಳುತ್ತಿದ್ದಾರೆ ಎಂದೆ. ಇನ್ನಾದರೂ ಅದನ್ನು ಗೋಡೆಯಿಂದ ಇಳಿಸು ಎಂದು ಬೇಡಿಕೊಂಡೆ.

"ನಿಂಗೆ ಆ ಫೋಟೊದಲ್ಲಿ ಯಾವಾಗ್ಲೂ ಆ ಮನುಷ್ಯನೇ ಕಾಣ್ತಾನೆ" ಎಂದಳು ಅಕ್ಕ. "ನಾನು ಅವನನ್ನು ಸರಿಯಾಗಿ ನೋಡಿದ್ದೇ ಇಲ್ಲ ಮಾರಾಯ. ಇವರು ಎರಡು ಕಾಲಲ್ಲಿ ನಿಂತ ಕಡೇ ಫೋಟೊ ಅಲ್ವಾ ಅದು? ಬೇರೆ ಯಾವುದುಂಟು ನನ್ನ ಹತ್ರ?"

ಫೋನಿಟ್ಟೆ. ಆ ಫೋಟೊವನ್ನು ಮತ್ತೆ ತೆರೆದೆ. ಇಷ್ಟು ವರ್ಷದಲ್ಲಿ ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಎಡತುದಿಗೇ ಹೋಗುತ್ತಿದ್ದೆ, ಬಿಳಿ ಹೆಲ್ಮೆಟ್ಟಿನ ಹತ್ತಿರ, ಅಲ್ಲೇ ನಿಂತು ಹಲ್ಲು ಕಡಿಯುತ್ತಿದ್ದೆ. ಈ ಸಲ ಮಧ್ಯಕ್ಕೆ ಬಂದೆ. ನಾನಿದ್ದೆ, ತಲೆತುಂಬ ಕೂದಲು. ಪಕ್ಕದಲ್ಲಿ ಭಾವ, ನನ್ನ ಹೆಗಲ ಮೇಲೆ ಕೈ, ಎದೆ ಮುಂದೆ. ಬೆರಳಿನಿಂದ ದೊಡ್ಡದು ಮಾಡಿ ಕೆಳಗೆ ಇಳಿಸಿದೆ. ಕಂಬಿಗಳ ಸಂದಿಯಲ್ಲಿ ಸಿಮೆಂಟು ಮೆತ್ತಿದ ಸೈಟಿನ ಬೂಟುಗಳು ಸಾಲಾಗಿ ಕಂಡವು. ಅವುಗಳ ನಡುವೆ ಒಂದು ಜೊತೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಕ್ಯಾನ್ವಾಸ್ ಬೂಟು. ಶೆಡ್ಡಿಗೆ ಓಡಿದ್ದು ಅದಕ್ಕೆ.

ಕಾರ್ಯದರ್ಶಿಗೆ ಫೋಟೊ ಪೂರ್ತಿ ಹಾಕಿ, ಯಾವ ಬದಿಯನ್ನೂ ಕತ್ತರಿಸಬೇಡಿ ಎಂದು ಬರೆದೆ. ಸಾಹೇಬರು ಎಲ್ಲಿ ನಿಂತಿದ್ದರು ಎಂಬುದೂ ಕಾಣಲಿ. ಈಗ ಬೆಳಿಗ್ಗೆ. ಪಕ್ಕದ ತಾರಸಿಯ ಗೋಣಿಗೆ ಮತ್ತೆ ನೀರು ಬಿಡುತ್ತಿದ್ದಾರೆ, ನಲ್ಲಿ ಹರಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ. ಬಹಳ ಹೊತ್ತಾಯಿತು, ಯಾರೂ ಅದನ್ನು ಮುಚ್ಚಲು ಬರಲಿಲ್ಲ.